ಮೈಕ್ರೋಸ್ಕೋಪಿಗೆ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಇದೆ, ಅದನ್ನ ನಡೆಸೋರಿಗೆ? ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಹೋಗಿರೋ 28 ಜನ ಮತ್ತೆ ರಾಜ್ಯಸಭೇಲಿರೋ 12 ಜನ ಮಾನ್ಯ ಸಂಸದರಿಗೆ,

ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನಿಮ್ಮಿಂದ ನಂಗೆ ಬೇಕಾಗಿರೋದು ಪಿಎಚ್‌ಡಿ ಮುಗಿಸಿ ಫೆಲೋಶಿಪ್ ಮೇಲೆ ಸಂಶೋಧನೆ ಮಾಡೋರ ದುಡ್ಡು, ಅವಧಿ, ವಯೋಮಿತಿ ಬಗ್ಗೆ ಸಂಸತ್ತಲ್ಲಿ ಒಂದು ಪ್ರಶ್ನೆ, ಅಷ್ಟೇ. ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಇನ್ನೂ ಒಳ್ಳೇದು, ಮಂತ್ರಿಗಳು ಎದ್ದು ನಿಂತು ಬಾಯಿ ಬಿಟ್ಟು ಉತ್ತರ ಹೇಳ್ಬೇಕಾಗುತ್ತೆ, ನೀವು ಮೇಲಿಂದ ಉಪಪ್ರಶ್ನೆನೂ ಹಾಕ್ಬಹುದು. ಪ್ರಶ್ನೆ ಏನು ಅಂತ ಪತ್ರದ ಕೊನೇಲಿ ನಾನೇ ಬರೆದಿಟ್ಟಿದೀನಿ, ಹಾಗೇ ಕಾಪಿ ಮಾಡಿ ನಿಮ್ಮ ಪಿಎಗೆ ಫಾರ್ವರ್ಡ್ ಮಾಡಿದ್ರೂ ಆಯ್ತು. ದೆಹಲಿ ಇಲಾಖೆಗಳಿಗೆ ಇಂಗ್ಲಿಷಲ್ಲಿ ಈಮೇಲ್ ಬರೆದೂ ಬರೆದೂ ಸಾಕಾಗಿದೆ, ಇದನ್ನ ಕನ್ನಡದಲ್ಲಿ ಬರೀತಿದೀನಿ, ಯಾಕಂದ್ರೆ ನಮ್ಮ ಕೆಲಸಕ್ಕೆ ದುಡ್ಡು ಕೊಡ್ತಿರೋ ಜನಾನೂ ಓದ್ಲಿ, ನಿಮಗೆ ಓಟು ಹಾಕೋರೂ ಅವರೇ ಅಲ್ವಾ.

ನಾನು ಬೆಂಗಳೂರಲ್ಲಿ ಪೋಸ್ಟ್‌ಡಾಕ್. ಅಂದ್ರೆ ಪಿಎಚ್‌ಡಿ ಮುಗಿದಿದೆ, ಪರ್ಮನೆಂಟ್ ಕೆಲಸ ಸಿಕ್ಕಿಲ್ಲ, ತಿಂಗಳಿಗೆ ಬರೋ ದುಡ್ಡನ್ನ ಸಂಬಳ ಅನ್ನಂಗಿಲ್ಲ ಫೆಲೋಶಿಪ್ ಅನ್ಬೇಕು, ಮದುವೆಮನೇಲಿ ಯಾರಾದ್ರೂ ಏನ್ ಮಾಡ್ಕೊಂಡಿದೀಯಪ್ಪ ಅಂದ್ರೆ ನಾನು ಬಾಯಿ ತೆಗೆಯೋಕೆ ಮುಂಚೆನೇ ಅಮ್ಮ ಸೈಂಟಿಸ್ಟು ಅಂದ್ಬಿಡ್ತಾರೆ, ಬ್ಯಾಂಕಲ್ಲಿ ಲೋನ್ ಕೇಳಕ್ಕೆ ಹೋದ್ರೆ ಸ್ಟೂಡೆಂಟಾ ಅಂತಾರೆ, ಸ್ಟೂಡೆಂಟ್ ಬಸ್ ಪಾಸ್ ಕೇಳಿದ್ರೆ ನಿಮಗೆ ಬರಲ್ಲ ಸಾರ್ ಅಂತಾರೆ. ಕೆಲಸ ಸ್ಟ್ರಕ್ಚರಲ್ ಇಮ್ಯುನಾಲಜಿ. ಹೆಸರು ಕೇಳಿ ಹೆದರ್ಕೋಬೇಡಿ. ಕಾಯಿಲೆ ಬಂದಾಗ ನಮ್ಮ ಮೈ ಆಂಟಿಬಾಡಿ ತಯಾರು ಮಾಡುತ್ತಲ್ಲ, ಆ ಆಂಟಿಬಾಡಿ ವೈರಸ್ಸಿನ ಮೈಮೇಲೆ ಯಾವ ಜಾಗ ಹಿಡ್ಕೊಳ್ಳುತ್ತೆ, ಯಾವ ಕಡೆಯಿಂದ ಹಿಡ್ಕೊಳ್ಳುತ್ತೆ, ಹಿಡ್ಕೊಂಡಾದ ಮೇಲೆ ವೈರಸ್ಸಿಗೆ ಏನಾಗುತ್ತೆ, ಇದನ್ನ ಒಂದೊಂದು ಪರಮಾಣು ಎಲ್ಲಿದೆ ಅಂತ ಕಾಣೋವರೆಗೂ ನೋಡೋ ಕೆಲಸ.

ನಾನು ನೋಡ್ತಿರೋದು ಮಂಗನ ಕಾಯಿಲೆ ವೈರಸ್ಸಿನದ್ದು. ಶಿವಮೊಗ್ಗ, ಉತ್ತರ ಕನ್ನಡ, ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಸಂಸದರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ, ಬೇರೆಯವರಿಗೆ ಎರಡು ಮಾತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳಕ್ಕೆ ಶುರುವಾಯ್ತು, ಜೊತೆಗೇ ಸುತ್ತಮುತ್ತಲ ಊರಲ್ಲಿ ಜನಕ್ಕೂ ಜ್ವರ, ಪುಣೆಯಿಂದ ವೈರಸ್ ಸಂಶೋಧಕರು ಬಂದು ನೋಡಿದ್ರೆ ಪ್ರಪಂಚದಲ್ಲಿ ಯಾರೂ ಅಲ್ಲೀತನಕ ಕಂಡಿರದ ವೈರಸ್ಸು. ಅದಕ್ಕೆ ನಮ್ಮ ಕಾಡಿನ ಹೆಸರೇ ಇಟ್ರು. ಹರಡೋದು ಉಣುಗಿನಿಂದ. ಕಾಯಿಲೆ ಬಂದೋರಲ್ಲಿ ನೂರಕ್ಕೆ ಮೂರರಿಂದ ಐದು ಜನ ಉಳಿಯಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಲ್ಲಿ ಈ ಕಾಯಿಲೆ ಹಬ್ಬಿದಾಗ ಏನಾಯ್ತು ಅಂತ ಆ ಕಡೆಯವರು ಇನ್ನೂ ಮರೆತಿಲ್ಲ. ಈಗ ಅದು ನಮ್ಮ ಗಡಿ ದಾಟಿ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಹೋಗಿದೆ.

1990ರಿಂದ ಇದಕ್ಕೊಂದು ಲಸಿಕೆ ಇತ್ತು, ಫಾರ್ಮಲಿನ್‌ನಲ್ಲಿ ಕೊಂದ ವೈರಸ್ಸಿನದ್ದು. ಎರಡು ಡೋಸ್ ಹಾಕಿಸ್ಕೊಂಡ್ರೂ ಪೂರ್ತಿ ರಕ್ಷಣೆ ಇರ್ತಿರಲಿಲ್ಲ, ಮೇಲಿಂದ ಮೇಲೆ ಬೂಸ್ಟರ್ ಬೇಕಿತ್ತು, ಚುಚ್ಚಿದ ಕೈ ನೋವು ಬರೋದು ಅಂತ ಎಷ್ಟೋ ಜನ ಎರಡನೇ ಸಲ ಹತ್ರಾನೇ ಬರ್ತಿರಲಿಲ್ಲ. ಕೊನೆಗೆ ಗುಣಮಟ್ಟ ಸಾಲ್ದು ಅಂತ ಅದನ್ನ ನಿಲ್ಲಿಸಿದ್ರು. ಈಗ ಹಳ್ಳಿಗಳಲ್ಲಿ ಹಂಚ್ತಿರೋದು ಉಣುಗು ಹತ್ತಿರ ಬರದಂಗೆ ಮೈಗೆ ಹಚ್ಕೊಳ್ಳೋ ಡೆಪಾ ಎಣ್ಣೆ. ಹೊಸ ಲಸಿಕೆ ಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಜೊತೆ ಸೇರಿ ಕೆಲಸ ಮಾಡ್ತಿದೆ, ಆದಷ್ಟು ಬೇಗ ಬರ್ಲಿ. ಆದ್ರೆ ಲಸಿಕೆ ಒಂದು ಬಂತು ಅಂದ್ರೆ ಮುಗೀತು ಅಂತಲ್ಲ, ಅದು ಯಾಕೆ ಕೆಲಸ ಮಾಡುತ್ತೆ, ಯಾರಲ್ಲಿ ಮಾಡಲ್ಲ, ಮುಂದಿನದನ್ನ ಇನ್ನೂ ಚೆನ್ನಾಗಿ ಹೇಗೆ ಮಾಡೋದು ಅನ್ನೋದಕ್ಕೆ ಉತ್ತರ ಬೇಕು ಅಂದ್ರೆ ಆಂಟಿಬಾಡಿ ಎಲ್ಲಿ ಕೂರುತ್ತೆ ಅಂತ ಗೊತ್ತಿರ್ಬೇಕು.

ಅದ್ಯಾಕೆ ಅಷ್ಟು ಮುಖ್ಯ ಅಂದ್ರೆ, ಈ ವೈರಸ್ಸು ಡೆಂಗಿ ವೈರಸ್ಸಿನ ಕುಟುಂಬದ್ದೇ. ಈ ಜಾತಿ ವೈರಸ್ಸಿನ ಮೈಮೇಲೆ ಇ ಅನ್ನೋ ಪ್ರೋಟೀನು 180 ಪ್ರತಿ ಇರುತ್ತೆ, ಎರಡೆರಡು ಜೋಡಿಯಾಗಿ, ಮೈಗೆ ಅಂಟಿಕೊಂಡು ಚಪ್ಪಟೆಯಾಗಿ ಮಲಗಿರುತ್ತೆ. ಅದರ ತುದೀಲಿ ಒಂದು ಸಣ್ಣ ಭಾಗ ಇದೆ, ನಮ್ಮ ಜೀವಕೋಶದ ಒಳಗೆ ನುಗ್ಗೋಕೆ ವೈರಸ್ಸು ಬಳಸೋದು ಅದನ್ನೇ. ನಮ್ಮ ಮೈ ಆ ತುದಿ ಮೇಲೂ ಬೇಕಾದಷ್ಟು ಆಂಟಿಬಾಡಿ ಮಾಡುತ್ತೆ, ಆದ್ರೆ ಆ ತುದಿ ಹೆಚ್ಚಿನ ಸಮಯ ಅವಿತುಕೊಂಡೇ ಇರೋದ್ರಿಂದ ಅವು ಸರಿಯಾಗಿ ಹಿಡ್ಕೊಳ್ಳಲ್ಲ, ಡೆಂಗಿಯಲ್ಲಂತೂ ಅರೆಬರೆ ಹಿಡ್ಕೊಂಡ ಆಂಟಿಬಾಡಿನೇ ವೈರಸ್ಸನ್ನ ಕೈಹಿಡಿದು ಜೀವಕೋಶದೊಳಗೆ ಬಿಟ್ಟುಬರುತ್ತೆ, ಎರಡನೇ ಸಲ ಡೆಂಗಿ ಬಂದಾಗ ಕೆಲವರಿಗೆ ಜಾಸ್ತಿ ಆಗೋದರ ಹಿಂದೆ ಇದೂ ಒಂದು ಕಾರಣ. ಅದೇ ಎರಡು ಪ್ರೋಟೀನು ಜೋಡಿಯಾಗಿ ಸೇರೋ ಸಂದಿ ಮೇಲೆ ಅಡ್ಡಡ್ಡ ಕೂರೋ ಆಂಟಿಬಾಡಿಗಳಿವೆ, ಅವು ಡೆಂಗಿಯ ನಾಲ್ಕೂ ಥರದ ವೈರಸ್ಸನ್ನ ತಡೀತಾವೆ. ಎರಡೂ ಆಂಟಿಬಾಡಿನೇ, ರಕ್ತ ಪರೀಕ್ಷೆಲಿ ಎರಡೂ ಪಾಸಿಟಿವ್ವೇ ತೋರ್ಸೋದು. ಒಂದು ಕಾಯುತ್ತೆ, ಇನ್ನೊಂದು ಕಾಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ವ್ಯತ್ಯಾಸ ಇರೋದು ಕೂತಿರೋ ಜಾಗದಲ್ಲಿ.

ಜೀವಂತ ವೈರಸ್ಸನ್ನ ನಾವು ಮುಟ್ಟಲ್ಲ, ಅಂಥ ಕೆಲಸಕ್ಕೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಲಿರೋ ಥರ ಬಿಗಿ ಭದ್ರತೆಯ ಲ್ಯಾಬು ಬೇಕು. ನಮ್ಮಲ್ಲಿರೋದು ಬರೀ ಆ ಒಂದು ಪ್ರೋಟೀನು, ಅದನ್ನ ಮನುಷ್ಯರ ಜೀವಕೋಶಗಳಲ್ಲಿ ಬೆಳೆಸಿ ಶುದ್ಧ ಮಾಡ್ಕೋತೀವಿ. ಆಂಟಿಬಾಡಿ ಬರೋದು ಕಾಯಿಲೆಯಿಂದ ಎದ್ದುಬಂದ ಮಲೆನಾಡಿನವರ ರಕ್ತದಿಂದ, ತೋಟದ ಕೆಲಸಕ್ಕೆ ಹೋಗೋರು, ದರಗು ತರೋಕೆ ಕಾಡಿಗೆ ಹೋಗೋರು, ಫಾರ್ಮಿಗೆ ಸಹಿ ಹಾಕಿ ತೋಳು ಚಾಚಿ ಕೊಟ್ಟ ರಕ್ತ ಅದು. ಅದರೊಳಗಿನ, ಆಂಟಿಬಾಡಿ ತಯಾರಿಸೋ ಬಿ ಜೀವಕೋಶಗಳನ್ನ ಒಂದೊಂದಾಗಿ ಬೇರೆ ಮಾಡಿ ಅದರ ಆಂಟಿಬಾಡಿ ಜೀನ್ ಓದಿ ಮತ್ತೆ ಲ್ಯಾಬಲ್ಲಿ ತಯಾರು ಮಾಡ್ಬೇಕು. ಇಷ್ಟಾಗೋ ಹೊತ್ತಿಗೆ ಫೆಲೋಶಿಪ್ಪಿನ ಮೊದಲನೇ ವರ್ಷ ಮುಗಿದಿರುತ್ತೆ. ಉತ್ಪ್ರೇಕ್ಷೆ ಅಲ್ಲ, ಈ ಫೀಲ್ಡಲ್ಲಿರೋ ಯಾರನ್ನ ಬೇಕಾದ್ರೂ ಕೇಳಿ.

ಆಮೇಲೆ ಗ್ರಿಡ್. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನೀವು ವಿಜ್ಞಾನ ಸಂಸ್ಥೆಗಳಿಗೆ ಭೇಟಿ ಕೊಟ್ಟಾಗ ನಿಮಗೆ ತೋರ್ಸೋದು ದೊಡ್ಡ ಮೆಷಿನ್ನು, ಅಂದ್ರೆ ಹೆಪ್ಪುಗಟ್ಟಿಸಿದ ಪ್ರೋಟೀನನ್ನ ಎಲೆಕ್ಟ್ರಾನ್ ತೂರಿಸಿ ನೋಡೋ ಕ್ರಯೋ-ಎಲೆಕ್ಟ್ರಾನ್ ಮೈಕ್ರೋಸ್ಕೋಪು (ಕ್ರಯೋ-ಇಎಂ), ಆ ಪ್ರೋಟೀನು ಇಡೋ ಗ್ರಿಡ್ ಯಾರೂ ತೋರ್ಸಲ್ಲ. ಗ್ರಿಡ್ ಅಂದ್ರೆ 3 ಮಿಲಿಮೀಟರ್ ಅಗಲದ ಲೋಹದ ಜಾಲರಿ, ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪದರ, ಆ ಪದರದಲ್ಲಿ ಮೈಕ್ರಾನ್ ಲೆಕ್ಕದ ತೂತುಗಳು. ಚಿಮಟಾದಲ್ಲಿ ಅದರ ಅಂಚು ಹಿಡ್ಕೊಂಡು 3 ಮೈಕ್ರೋಲೀಟರ್ ಪ್ರೋಟೀನು ಇಡ್ಬೇಕು, ಎರಡೂ ಕಡೆಯಿಂದ ಬ್ಲಾಟಿಂಗ್ ಪೇಪರ್ ಬಂದು ಮೂರ್ನಾಲ್ಕು ಸೆಕೆಂಡು ನೀರು ಹೀರ್ಕೊಳ್ಳುತ್ತೆ, ತಕ್ಷಣ ಗ್ರಿಡ್ ಹೋಗಿ ದ್ರವ ಈಥೇನ್‌ನಲ್ಲಿ ಮುಳುಗ್ಬೇಕು, ಮೈನಸ್ 180 ಡಿಗ್ರಿ ಆಸುಪಾಸು. ನೀರಿಗೆ ಹರಳು ಕಟ್ಟೋಕೂ ಪುರುಸೊತ್ತು ಸಿಗ್ಬಾರ್ದು, ಗಾಜಿನ ಥರ ನಿಂತುಬಿಡ್ಬೇಕು, ಪ್ರೋಟೀನು ಹೆಂಗಿತ್ತೋ ಹಂಗೇ ಅದರೊಳಗೆ ಸಿಕ್ಕಿಹಾಕ್ಕೋಬೇಕು. ಪೇಪರ್ ಅರ್ಧ ಸೆಕೆಂಡು ಜಾಸ್ತಿ ಹೀರಿದ್ರೆ ಪ್ರೋಟೀನೇ ಇಲ್ಲ, ಕಮ್ಮಿ ಹೀರಿದ್ರೆ ಮಂಜುಗಡ್ಡೆ ದಪ್ಪ, ಎಲೆಕ್ಟ್ರಾನ್ ತೂರಲ್ಲ. ಜುಲೈ ತಿಂಗಳಲ್ಲಿ ಬೆಂಗಳೂರಲ್ಲಿ ಜಡಿಮಳೆ ಹಿಡಿದಾಗ ಗಾಳೀಲಿರೋ ತೇವ ಬಂದು ದ್ರವ ಸಾರಜನಕದಲ್ಲಿ ಪುಡಿಪುಡಿ ಹಿಮ ಆಗಿ ಕೂರುತ್ತೆ, ನಾವು ಮಾಸ್ಕ್ ಹಾಕ್ಕೊಂಡು ನಮ್ಮ ಉಸಿರು ಕೂಡ ಅದರ ಮೇಲೆ ಬೀಳದಂಗೆ ಮುಖ ಆಚೆ ತಿರುಗಿಸ್ಕೊಂಡು ಗ್ರಿಡ್ ಡಬ್ಬಿಗೆ ಹಾಕ್ತೀವಿ. ಮಾರನೇ ದಿನ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಒಂದೋ ಎಲ್ಲಾ ಪ್ರೋಟೀನೂ ಒಂದೇ ಮಗ್ಗುಲಲ್ಲಿ ಮಲಗಿರುತ್ತೆ, ಎಲ್ಲಾ ಕಡೆಯಿಂದ ಚಿತ್ರ ಸಿಗ್ದೆ ಮೂರು ಆಯಾಮದ ಆಕಾರ ಕಟ್ಟೋಕಾಗಲ್ಲ, ಇಲ್ಲಾ ಆಂಟಿಬಾಡಿ ಕಳಚಿಕೊಂಡು ಬೇರೆ ಪ್ರೋಟೀನು ಬೇರೆ ಓಡಾಡ್ತಿರುತ್ತೆ. ಉಪ್ಪು ಬದಲಾಯಿಸು, ಡಿಟರ್ಜೆಂಟ್ ಒಂಚೂರು ಸೇರಿಸು, ಬೇರೆ ಥರದ ಗ್ರಿಡ್ ತಗೋ, ಮತ್ತೆ ಮಾಡು. ಎಲ್ಲಾ ಸರಿಹೋದ ದಿನ ದೊಡ್ಡ ಮೈಕ್ರೋಸ್ಕೋಪಲ್ಲಿ ಒಂದೆರಡು ದಿನದ ಸ್ಲಾಟು, ಸಾವಿರಾರು ಚಿತ್ರ, ಟೆರಾಬೈಟ್‌ಗಟ್ಟಲೆ ಡೇಟಾ, ಆಮೇಲೆ ಕಂಪ್ಯೂಟರ್ ಮುಂದೆ ವಾರಗಟ್ಟಲೆ.

ಈ ಕೈ ಪಳಗೋದಕ್ಕೆ ಪುಸ್ತಕ ಇಲ್ಲ. ಮುಂಚೆ ಮಾಡಿದೋರ ಪಕ್ಕ ನಿಂತ್ಕೊಂಡೇ ಕಲೀಬೇಕು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇಷ್ಟು ಓದಿದ ಮೇಲೆ ನಿಮ್ಮ ಆಫೀಸಲ್ಲಿ ಯಾರಾದ್ರೂ ಹುಡುಗರು ಹೇಳ್ತಾರೆ, ಇದನ್ನೆಲ್ಲಾ ಈಗ ಎಐ ಮಾಡುತ್ತಲ್ಲ ಸಾರ್ ಅಂತ. ಹೌದು, ಪ್ರೋಟೀನಿನ ಆಕಾರ ಊಹಿಸೋ ಆಲ್ಫಾಫೋಲ್ಡ್ ಅನ್ನೋ ಎಐ ಬಂದಿದೆ, 2024ರಲ್ಲಿ ಅದನ್ನ ಮಾಡಿದೋರಿಗೆ ನೊಬೆಲ್ಲೂ ಬಂತು, ನಾವೂ ದಿನಾ ಬಳಸ್ತೀವಿ, ಬಳಸದೇ ಇದ್ರೆ ದಡ್ಡತನ. ಒಂಟಿ ಪ್ರೋಟೀನಿನ ಆಕಾರ ಎಷ್ಟೋ ಸಲ ಅಚ್ಚುಕಟ್ಟಾಗಿ ಹೇಳುತ್ತೆ. ಆದ್ರೆ ಆಂಟಿಬಾಡಿ ಎಲ್ಲಿ ಕೂರುತ್ತೆ ಅನ್ನೋ ವಿಷಯದಲ್ಲಿ ಅದು ಇನ್ನೂ ಸುಮಾರು ಸಲ ಎಡವುತ್ತೆ, ಯಾಕಂದ್ರೆ ಆಂಟಿಬಾಡಿಯ ಹಿಡಿಯೋ ಕುಣಿಕೆಗಳು ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಥರ. ಅಲ್ಲದೆ ಅದು ಕಲಿತಿದ್ದಾದ್ರೂ ಎಲ್ಲಿಂದ? 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್ ಅನ್ನೋ ಭಂಡಾರದಿಂದ, ಅಲ್ಲಿರೋ ಎರಡು ಲಕ್ಷಕ್ಕೂ ಮೀರಿದ ಆಕಾರಗಳಲ್ಲಿ ಹೆಚ್ಚಿನವನ್ನ ಕೂತು ಮಾಡಿದ್ದು ಪಿಎಚ್‌ಡಿ ಹುಡುಗರು ಮತ್ತೆ ಪೋಸ್ಟ್‌ಡಾಕ್‌ಗಳು.

ಈ ಫೀಲ್ಡಿನ ಚರಿತ್ರೆ ತೆಗೆದು ನೋಡಿದ್ರೂ ಅದೇ. 1970ರ ದಶಕದ ಮೊದಲಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಸ್ವಿಟ್ಜರ್ಲೆಂಡಿನಿಂದ ರಾಲ್ಫ್ ಜಿಂಕರ್ನಾಗೆಲ್ ಅನ್ನೋರು ಪೋಸ್ಟ್‌ಡಾಕ್ ಆಗಿ ಹೋದ್ರು, ಪೀಟರ್ ಡೊಹರ್ಟಿ ಜೊತೆ ಸೇರಿ, ಸೋಂಕು ತಗುಲಿದ ಜೀವಕೋಶ ಹುಡುಕಿ ಕೊಲ್ಲೋ ಟಿ ಜೀವಕೋಶ ಬರೀ ವೈರಸ್ಸನ್ನ ನೋಡಲ್ಲ, ಜೀವಕೋಶದ ಮೈಮೇಲಿರೋ ನಮ್ಮದೇ ಎಂಎಚ್‌ಸಿ ಅನ್ನೋ ಅಣುವನ್ನೂ ಜೊತೇಲಿ ನೋಡುತ್ತೆ ಅಂತ ತೋರಿಸಿದ್ರು, 1996ರಲ್ಲಿ ಇಬ್ಬರಿಗೂ ನೊಬೆಲ್. ಜೊತೇಲಿ ನೋಡುತ್ತೆ ಅಂದ್ರೆ ಹೆಂಗೆ ಅಂತ ವರ್ಷಾನುಗಟ್ಟಲೆ ಜಗಳ ನಡೀತು, ಅದು ನಿಂತಿದ್ದು 1987ರಲ್ಲಿ, ಪಮೇಲಾ ಬ್ಯೋರ್ಕ್‌ಮನ್ ಹಾರ್ವರ್ಡಲ್ಲಿ ಮನುಷ್ಯರ ಒಂದು ಎಂಎಚ್‌ಸಿ ಅಣು ಎಚ್‌ಎಲ್‌ಎ-ಎ2ರ ಆಕಾರ ಬಿಡಿಸಿದಾಗ. ಅದರ ಮೇಲ್ಗಡೆ ಒಂದು ಕಣಿವೆ ಇತ್ತು, ಕಣಿವೆಯೊಳಗೆ ಏನೋ ಒಂದು ಸಿಕ್ಕಿಹಾಕ್ಕೊಂಡಿತ್ತು, ಅದೇ ವೈರಸ್ಸಿನ ತುಣುಕು ಕೂರೋ ಜಾಗ. ಈಕೆ ಪಿಎಚ್‌ಡಿ ಮುಗಿದ ಮೇಲೂ ಆಕಾರ ಪೂರ್ತಿ ಆಗೋವರೆಗೂ ಅದೇ ಲ್ಯಾಬಲ್ಲಿ ಪೋಸ್ಟ್‌ಡಾಕ್ ಆಗಿ ಉಳ್ಕೊಂಡ್ರು. ನಿಮ್ಮ ಅವಧಿ ಮುಗೀತು, ವಯಸ್ಸು ಮೀರ್ತು, ಹೊಸದಾಗಿ ಅರ್ಜಿ ಹಾಕಿ ಬನ್ನಿ ಅಂತ ಅವತ್ತು ಯಾರಾದ್ರೂ ಅಂದಿದ್ರೆ?

ಇನ್ನೊಂದು, ಇದು ನಿಮಗೂ ಹತ್ತಿರದ್ದು. ಸಣ್ಣ ಮಕ್ಕಳಿಗೆ ಉಸಿರಾಟದ ತೊಂದರೆ ಕೊಡೋ ಆರ್‌ಎಸ್‌ವಿ ಅನ್ನೋ ವೈರಸ್ಸಿಗೆ 1960ರ ದಶಕದಲ್ಲಿ ಅಮೆರಿಕದಲ್ಲಿ ಫಾರ್ಮಲಿನ್ ಲಸಿಕೆ ಪ್ರಯೋಗ ಮಾಡಿದ್ರು, ಲಸಿಕೆ ಹಾಕಿಸ್ಕೊಂಡ ಮಕ್ಕಳಿಗೇ ಕಾಯಿಲೆ ಜೋರಾಯ್ತು, ಇಬ್ಬರು ಕೂಸುಗಳು ತೀರಿಹೋದ್ವು. ಆಮೇಲೆ ದಶಕಗಟ್ಟಲೆ ಯಾರೂ ಆ ಕಡೆ ಧೈರ್ಯ ಮಾಡಲಿಲ್ಲ. ಕಾರಣ ಬಿಡಿಸಿ ಕಂಡಿದ್ದು 2013ರಲ್ಲಿ, ಜೇಸನ್ ಮೆಕ್‌ಲೆಲನ್ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಪೋಸ್ಟ್‌ಡಾಕ್ ಆಗಿದ್ದಾಗ ಹಿಡಿದ ಕೆಲಸದಿಂದ. ಆ ವೈರಸ್ಸಿನ ಎಫ್ ಪ್ರೋಟೀನು ಗಾಳಿಗೆ ಉಲ್ಟಾ ಆಗೋ ಕೊಡೆ ಇದ್ದಂಗೆ, ಒಂದ್ಸಲ ತಿರುಗಿದ್ರೆ ಮುಗೀತು ಮತ್ತೆ ಮೊದಲಿನಂಗೆ ಆಗಲ್ಲ, ಜೋರಾಗಿ ತಡೆಯೋ ಆಂಟಿಬಾಡಿ ಕೂರೋ ಜಾಗ ಇರೋದು ತಿರುಗೋಕೆ ಮುಂಚಿನ ಆಕಾರದಲ್ಲಿ, ಹಳೇ ಲಸಿಕೇಲಿ ಇದ್ದಿದ್ದು ಹೆಚ್ಚಾಗಿ ತಿರುಗಿದ್ದು. ಮುಂಚಿನ ಆಕಾರಾನೇ ಗಟ್ಟಿಯಾಗಿ ನಿಲ್ಲಿಸಿ ಮಾಡಿದ ಲಸಿಕೆಗಳು 2023ರಲ್ಲಿ ಒಪ್ಪಿಗೆ ಪಡ್ಕೊಂಡ್ವು. ಅದೇ ಮೆಕ್‌ಲೆಲನ್ ಲ್ಯಾಬಲ್ಲಿ ಪೋಸ್ಟ್‌ಡಾಕ್ ಆಗಿದ್ದ ನಿಯಾನ್‌ಶುವಾಂಗ್ ವಾಂಗ್ ಅನ್ನೋರು ಕೊರೋನಾ ಜಾತಿಯದ್ದೇ ಆದ ಮೆರ್ಸ್ ವೈರಸ್ಸಿನ ಸ್ಪೈಕ್ ಪ್ರೋಟೀನು ತಿರುಗದಂಗೆ ಪ್ರೋಲಿನ್ ಅನ್ನೋ ಅಮೈನೋ ಆಮ್ಲ ಎರಡು ಕಡೆ ಸೇರಿಸಿ 2017ರಲ್ಲಿ ಪೇಪರ್ ಮಾಡಿದ್ರು, ಅವಾಗ ಅದನ್ನ ಕೇಳೋರೂ ಇರಲಿಲ್ಲ. 2020ರ ಜನವರಿಯಲ್ಲಿ ಕೊರೋನಾ ಸೀಕ್ವೆನ್ಸ್ ಬಂತು, ಅದೇ ಎರಡು ಪ್ರೋಲಿನ್ ಇಲ್ಲೂ ಹಾಕಿದ್ರು, ಫೆಬ್ರವರಿ 19ಕ್ಕೆ ಸ್ಪೈಕಿನ ಆಕಾರ ಸೈನ್ಸ್ ಪತ್ರಿಕೇಲಿ ಹೊರಬಿತ್ತು. ಫೈಜರ್, ಮಾಡರ್ನಾ ಲಸಿಕೇಲಿ ಇರೋದು ಅದೇ. ನಮ್ಮಲ್ಲಿ ಹೆಚ್ಚಿನವರು ಹಾಕಿಸ್ಕೊಂಡ ಕೋವಿಶೀಲ್ಡಲ್ಲಿ ಅದಿರಲಿಲ್ಲ, ಆಮೇಲೆ ಸೀರಮ್ ಇನ್‌ಸ್ಟಿಟ್ಯೂಟ್ ಮಾಡಿದ ಕೊವೊವ್ಯಾಕ್ಸಲ್ಲಿ ಇತ್ತು.

ಇದೆಲ್ಲಾ ಹೊರದೇಶದ ಕಥೆ, ನಮ್ಮಲ್ಲೇನಿದೆ ಅಂತ ಕೇಳೋರಿಗೆ: ಪ್ರೋಟೀನಿನ ಯಾವ ಆಕಾರ ಸಾಧ್ಯ ಯಾವುದು ಸಾಧ್ಯ ಇಲ್ಲ ಅಂತ ಇವತ್ತಿಗೂ ಪ್ರಪಂಚದ ಎಲ್ಲಾ ಲ್ಯಾಬಿನವರೂ ಚೆಕ್ ಮಾಡೋದು ರಾಮಚಂದ್ರನ್ ಪ್ಲಾಟ್ ಇಟ್ಕೊಂಡು, 1963ರಲ್ಲಿ ಮದ್ರಾಸಿನಿಂದ ಬಂದಿದ್ದು, ಜಿ.ಎನ್. ರಾಮಚಂದ್ರನ್ ಆಮೇಲೆ ನಮ್ಮ ಐಐಎಸ್‌ಸಿಗೇ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದ್ರು. ಅಲ್ಲೇ ಎಂ. ವಿಜಯನ್ ಪ್ರೋಟೀನ್ ಕ್ರಿಸ್ಟಲೋಗ್ರಫಿ, ಅಂದ್ರೆ ಪ್ರೋಟೀನನ್ನ ಹರಳು ಕಟ್ಟಿಸಿ ಆಕಾರ ಕಂಡುಹಿಡಿಯೋ ವಿದ್ಯೆ, ಬೆಳೆಸಿದ್ರು. ಕೋವಿಡ್ ಟೈಮಲ್ಲಿ ಅಲ್ಲೇ ರಾಘವನ್ ವರದರಾಜನ್ ಅವರ ಗುಂಪು 37 ಡಿಗ್ರಿಲಿ ತಿಂಗಳು ಇಟ್ರೂ ಕೆಡದ ಲಸಿಕೆ ಪ್ರೋಟೀನು ಮಾಡಿ ತೋರಿಸ್ತು, ಫ್ರಿಜ್ ಇಲ್ಲದ ಊರಿಗೆ ಅದು ಎಷ್ಟು ದೊಡ್ಡ ಮಾತು ಅಂತ ನಿಮಗೇ ಗೊತ್ತು. ಜಿಕೆವಿಕೆ ಕ್ಯಾಂಪಸ್ಸಲ್ಲಿ ಕೇಂದ್ರ ಸರ್ಕಾರದ ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ದುಡ್ಡಲ್ಲಿ ರಾಷ್ಟ್ರೀಯ ಕ್ರಯೋ-ಇಎಂ ಕೇಂದ್ರ ಆಗಿದೆ, 300 ಕಿಲೋವೋಲ್ಟಿನ ಟೈಟನ್ ಕ್ರಯೋಸ್ ಅನ್ನೋ ಮೈಕ್ರೋಸ್ಕೋಪ್ ಇದೆ. ಒಳ್ಳೇ ಕೆಲಸ. ಬೈಯೋಕೆ ಬರೀತಿಲ್ಲ ನಾನು, ನಮ್ಮಲ್ಲಿ ಮೆಷಿನ್ ಇದೆ, ಮೇಷ್ಟ್ರು ಇದಾರೆ, ಕಾಯಿಲೆಯಂತೂ ನಮ್ಮೂರದ್ದೇ ಇದೆ.

ಈಗ ವಿಷಯಕ್ಕೆ ಬರ್ತೀನಿ. ಹತ್ತಾರು ಕೋಟಿಯ ಮೈಕ್ರೋಸ್ಕೋಪ್ ತರಿಸೋವಾಗ ಯಾವ ಸಂಸ್ಥೆನೂ ಬರೀ ಮೆಷಿನ್ ತರಿಸಲ್ಲ, ಜೊತೇಲಿ ಎಎಂಸಿ ಮಾಡಿಸ್ತಾರೆ, ವರ್ಷವರ್ಷ ಅದಕ್ಕಂತ ದುಡ್ಡು ಎತ್ತಿಡ್ತಾರೆ, ಪಂಪು ಕೆಟ್ರೆ ಇಂಜಿನಿಯರ್ ಬರ್ತಾನೆ. ಅದು ಸರಿನೇ. ಆದ್ರೆ ಗ್ರಿಡ್ ಮಾಡೋ ಕೈ ಇರೋದು ಎರಡು ವರ್ಷದ ಆರ್ಡರಲ್ಲಿ, ದುಡ್ಡು ಬಂದಾಗ ಬಂತು. ನಮ್ಮ ಕೆಲಸಕ್ಕೆ ಮಾತ್ರ ಮೇಂಟೆನೆನ್ಸ್ ಅಂತ ಯಾರ ಬಜೆಟ್ಟಲ್ಲೂ ಒಂದು ಸಾಲು ಇಲ್ಲ.

ದುಡ್ಡು ಕಮ್ಮಿ ಅನ್ನೋದು ನನ್ನ ಮೊದಲನೇ ದೂರಲ್ಲ, ಅದನ್ನ ಸ್ಪಷ್ಟ ಮಾಡ್ತೀನಿ. 2023ರ ಜೂನಲ್ಲಿ ಪರಿಷ್ಕರಣೆ ಆಯ್ತು, ರಿಸರ್ಚ್ ಅಸೋಸಿಯೇಟ್‌ಗೆ, ಅಂದ್ರೆ ಪೋಸ್ಟ್‌ಡಾಕ್ ಹಂತದೋರಿಗೆ, ತಿಂಗಳಿಗೆ 47,000 ಇದ್ದಿದ್ದು 58,000 ಆಯ್ತು, ಮೇಲಿನ ಹಂತದಲ್ಲಿ 67,000, ಮೇಲಿಂದ ಮನೆ ಬಾಡಿಗೆ ಭತ್ಯೆ. ಅದರ ಹಿಂದಿನ ಪರಿಷ್ಕರಣೆ 2019ರಲ್ಲಿ ಆಗಿತ್ತು, ಎರಡು ಸಲಾನೂ ದೇಶದ ತುಂಬಾ ಹುಡುಗರು ಬೀದಿಗಿಳಿದು ಹ್ಯಾಷ್‌ಟ್ಯಾಗ್ ಹಾಕಿ ಕೂಗಿದ ಮೇಲೇ ಆಗಿದ್ದು, ಸರ್ಕಾರಿ ನೌಕರರಿಗೆ ತುಟ್ಟಿಭತ್ಯೆ ಹೆಂಗೆ ವರ್ಷಕ್ಕೆ ಎರಡು ಸಲ ತಾನಾಗೇ ಏರುತ್ತೋ ಹಂಗೆ ನಮಗೆ ಇಲ್ಲ. ಇರ್ಲಿ. ಐಟಿ ಕಂಪನೀಲಿರೋ ನನ್ನ ಕ್ಲಾಸ್‌ಮೇಟಿನ ಜೊತೆ ಹೋಲಿಸ್ಕೊಂಡು ಅಳೋಕೆ ನಾನು ಇಲ್ಲಿಗೆ ಬಂದಿಲ್ಲ, ಗೊತ್ತಿದ್ದೇ ಬಂದಿದ್ದು.

ದೂರು ಇರೋದು ಎರಡು. ಒಂದು, ದುಡ್ಡು ಹೇಳಿದ ಟೈಮಿಗೆ ಬರಲ್ಲ. ನನ್ನ ಫೆಲೋಶಿಪ್ ಕೊಡೋ ಸಂಸ್ಥೆ ಹೆಸರು ಇಲ್ಲಿ ಬರೆಯಲ್ಲ, ಬರೆದ್ರೆ ಮುಂದಿನ ವರ್ಷದ ರಿನ್ಯೂವಲ್ ಫೈಲು ಯಾವ ಟೇಬಲ್ ಮೇಲೆ ಹೋಗಿ ಕೂರುತ್ತೋ ದೇವರಿಗೇ ಗೊತ್ತು. ಮೊದಲನೇ ವರ್ಷ ಮುಗಿದ ಮೇಲೆ ಕೊಟ್ಟ ದುಡ್ಡು ಹೆಂಗೆ ಖರ್ಚಾಯ್ತು ಅಂತ ಯುಟಿಲೈಸೇಶನ್ ಸರ್ಟಿಫಿಕೇಟ್ (ಯುಸಿ) ಕಳಿಸ್ಬೇಕು, ಅದು ಆಡಿಟ್ ಆಗ್ಬೇಕು, ನಮ್ಮ ಅಕೌಂಟ್ಸ್ ಸೆಕ್ಷನ್ ಅವರತ್ರ ಕೇಳಿ ಅನ್ನುತ್ತೆ, ಅವರು ನಿಮ್ಮ ಅಕೌಂಟ್ಸಿಂದಾನೇ ಬಂದಿಲ್ಲ ಅಂತಾರೆ, ಪೋರ್ಟಲ್ಲಲ್ಲಿ ಅಂಡರ್ ಪ್ರೋಸೆಸ್ ಅಂತ ಹಳದಿ ಬಣ್ಣದಲ್ಲಿ ಬರ್ತಾನೇ ಇರುತ್ತೆ, ಅದರ ಮಧ್ಯೆ ಮಾರ್ಚ್ 31 ಬಂದ್ರೆ ಖರ್ಚಾಗದೇ ಉಳಿದಿದ್ದೂ ವಾಪಸ್, ಹೊಸ ವರ್ಷದ್ದು ಬರೋವರೆಗೂ ಖಾತೇಲಿ ಸೊನ್ನೆ. ತಿಂಗಳುಗಟ್ಟಲೆ ಹಂಗೇ ಇದ್ದು ಆಮೇಲೆ ಒಂದು ದಿನ ಎಲ್ಲಾ ಒಟ್ಟಿಗೆ ಬಂದು ಬೀಳುತ್ತೆ. ಬಂತಲ್ಲ ಮತ್ತೇನು ಅಂತಾರೆ ಕೆಲವರು. ಬೆಂಗಳೂರಲ್ಲಿ ಮನೆ ಓನರ್ರಿಗೆ ಅಂಡರ್ ಪ್ರೋಸೆಸ್ ಅಂತ ಹೇಳಿ ನೋಡಿ ಸಾರ್. ನಮ್ಮ ಲ್ಯಾಬಲ್ಲಿ ಮದುವೆಯಾಗಿ ಮಗು ಇರೋರು ಇದಾರೆ, ಗಂಡನ ಸಂಬಳದಲ್ಲೋ ಹೆಂಡತಿ ಸಂಬಳದಲ್ಲೋ ಮನೆ ನಡೆಯುತ್ತೆ, ಇಬ್ಬರೂ ಪೋಸ್ಟ್‌ಡಾಕ್ ಆಗಿರೋ ಮನೇಲಿ ಊರಿಂದ ಅಪ್ಪ ದುಡ್ಡು ಕಳಿಸ್ತಾರೆ, ಅಡಿಕೆ ರೇಟ್ ಚೆನ್ನಾಗಿದ್ದ ವರ್ಷ ಪರವಾಗಿಲ್ಲ. ಅಂದ್ರೆ ಏನಾಯ್ತು, ಮನೇಲಿ ಸ್ವಲ್ಪ ಅನುಕೂಲ ಇರೋರು ಮಾತ್ರ ಈ ಕೆಲಸದಲ್ಲಿ ಉಳ್ಕೋತಾರೆ. ನಾನು ಕಂಡಿರೋ ತುಂಬಾ ಚುರುಕು ಕೈಗಳು ಉಳ್ಕೊಳ್ಳೋಕಾಗದೆ ಹೋಗಿರೋವು.

ಎರಡನೇದು, ಅವಧಿ ಮತ್ತೆ ವಯಸ್ಸು. ನಮ್ಮಲ್ಲಿ ಪೋಸ್ಟ್‌ಡಾಕ್ ಫೆಲೋಶಿಪ್ ಅಂದ್ರೆ ಸಾಮಾನ್ಯವಾಗಿ ಎರಡು ವರ್ಷ. ಮೇಲೆ ಹೇಳಿದ ಕೆಲಸ ಎರಡು ವರ್ಷದಲ್ಲಿ ಮುಗಿಯುತ್ತಾ ನೀವೇ ಲೆಕ್ಕ ಹಾಕಿ. ಆಮೇಲೆ ಮುಂದುವರಿಸೋಕೆ ದಾರಿ ಅಂದ್ರೆ ಬೇರೆ ಇಲಾಖೆಗೆ ಬೇರೆ ಪ್ರಾಜೆಕ್ಟ್ ಅಂತ ಹೊಸ ಹೆಸರಿಟ್ಟು ಅರ್ಜಿ ಹಾಕೋದು, ಕಾಯೋದು, ಆ ಕಾಯೋ ಟೈಮಲ್ಲಿ ಗೈಡ್ ಎಲ್ಲಿಂದಾದ್ರೂ ಹೊಂದಿಸಿಕೊಟ್ರೆ ಉಂಟು ಇಲ್ಲಾಂದ್ರೆ ಇಲ್ಲ. ಮೇಲಿಂದ ವಯಸ್ಸು. ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ಪಿಗೆ 35ರ ಮಿತಿ ಇಟ್ಕೊಂಡೇ ಬಂದಿದಾರೆ, ಮಹಿಳೆಯರಿಗೆ ಮತ್ತೆ ಮೀಸಲಾತಿ ವರ್ಗದವರಿಗೆ ಐದು ವರ್ಷ ವಿನಾಯಿತಿ ಇದೆ, ಸಂತೋಷ. ಆದ್ರೆ ಡಿಗ್ರಿ ಮುಗಿಸಿ ಎರಡು ವರ್ಷ ತಾಲೂಕು ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿ ಮನೆ ನೋಡ್ಕೊಂಡು, ಆಮೇಲೆ ನೆಟ್ ಪಾಸಾಗಿ ಪಿಎಚ್‌ಡಿಗೆ ಬಂದೋರು ನಮ್ಮ ಕಡೆ ಬೇಕಾದಷ್ಟು ಜನ, ಅವರ ಪಿಎಚ್‌ಡಿ ಮುಗಿಯೋ ಹೊತ್ತಿಗೇ ಮೂವತ್ತೆರಡು ಮೂವತ್ಮೂರು. ಹುಟ್ಟಿದ ದಿನದಿಂದ ಎಣಿಸ್ಬೇಡಿ, ಪಿಎಚ್‌ಡಿ ಬಂದ ದಿನದಿಂದ ಎಣಿಸಿ. ಎಷ್ಟೋ ದೇಶದಲ್ಲಿ ಹಂಗೇ ಮಾಡ್ತಾರೆ.

ಹೀಗೆ ಜನ ಮಧ್ಯದಲ್ಲಿ ಬಿಟ್ಟು ಹೋದಾಗ ಏನಾಗುತ್ತೆ ಅಂತ ನಮ್ಮ ಲ್ಯಾಬಿನ ಸಾರಜನಕ ಡ್ರಮ್ಮಿನ ಮುಚ್ಚಳ ತೆಗೆದ್ರೆ ಕಾಣುತ್ತೆ. ಒಳಗೆ ಉದ್ದ ಕಂಬಿಗೆ ಸಿಗಿಸಿರೋ ಡಬ್ಬಿಗಳು, ಒಂದೊಂದರಲ್ಲಿ ನೀಲಿ, ಹಳದಿ, ಕೆಂಪು ಮುಚ್ಚಳದ ವಯಲ್‌ಗಳು, ಮೇಲೆ ಮಾರ್ಕರಲ್ಲಿ ಬರೆದಿರೋ ಗುಂಡುಗುಂಡು ಅಕ್ಷರ, 4ಸಿ ಬಿ ಹೊಸದು, ಪಿ3 ಚೆನ್ನಾಗಿದೆ. ಬರೆದೋರು ಈಗ ಬಾಸ್ಟನ್ನಲ್ಲಿದಾರೆ. ಯಾವ 4ಸಿ, ಯಾವುದಕ್ಕಿಂತ ಹೊಸದು, ಚೆನ್ನಾಗಿದೆ ಅಂದ್ರೆ ಏನು ಚೆನ್ನಾಗಿದೆ? ನೋಟ್‌ಬುಕ್ಕಲ್ಲಿ ಅರ್ಧ ಇದೆ, ಇನ್ನರ್ಧ ಅವರ ತಲೇಲಿ. ವಾಟ್ಸಾಪ್ ಮಾಡಿದ್ರೆ ಪಾಪ ರಾತ್ರಿ ಹನ್ನೊಂದಕ್ಕೆ ನೆನಪು ಮಾಡ್ಕೊಂಡು ಹೇಳ್ತಾರೆ, ಆದ್ರೆ ಬ್ಲಾಟಿಂಗ್ ಪೇಪರ್ ಸದ್ದು ಕೇಳಿನೇ ಈ ಗ್ರಿಡ್ ಹಾಳು ಅಂತ ಗೊತ್ತುಮಾಡ್ಕೋತಿದ್ರಲ್ಲ, ಅದನ್ನ ವಾಟ್ಸಾಪಲ್ಲಿ ಹೇಳಿಕೊಡೋಕಾಗಲ್ಲ. ಹೊಸಬರು ಬಂದು ಮೊದಲಿಂದ ಶುರು ಮಾಡ್ತಾರೆ. ಅದೇ ಈಥೇನ್, ಅದೇ ಗ್ರಿಡ್, ಅದೇ ಸಾಲು ಸಾಲು ಸೋಲು, ಎಲ್ಲದಕ್ಕೂ ಮತ್ತೊಂದ್ಸಲ ಖರ್ಚು, ಎಲ್ಲಾ ನಿಮ್ಮ ನಮ್ಮ ತೆರಿಗೆ ದುಡ್ಡೇ. ಹೋದೋರ ಮೇಲೆ ನಂಗೇನೂ ಸಿಟ್ಟಿಲ್ಲ. ಹೋಗ್ಲಿ, ಹೊರಗೆ ಹೋಗಿ ಕಲೀಲೇಬೇಕು ಕೂಡ, ಜಿಂಕರ್ನಾಗೆಲ್ ಹೋಗಿದ್ದಕ್ಕೇ ಆ ಕೆಲಸ ಆಗಿದ್ದು. ಬೇಸರ ಏನಂದ್ರೆ ನಮ್ಮಲ್ಲಿಂದ ಹೋಗೋರು ಕಲಿಯೋಕೆ ಅಂತ ಹೋಗೋದಕ್ಕಿಂತ ಬಾಡಿಗೆ ಕಟ್ಟೋಕೆ ಅಂತ ಹೋಗೋದೇ ಹೆಚ್ಚಾಗ್ತಿದೆ.

ದುಡ್ಡೆಲ್ಲಿದೆ ಅಂತ ಕೇಳೋ ಕಾಲ ಅಲ್ಲ ಇದು. ಸಂಶೋಧನೆಗೆ ದುಡ್ಡು ಕೊಡೋಕೆ ಕೇಂದ್ರ ಮಾಡಿರೋ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ನಿಗೆ 2023ರಿಂದ ಐದು ವರ್ಷಕ್ಕೆ 50,000 ಕೋಟಿ ಅಂತ ಘೋಷಣೆ ಆಗಿದೆ, ಅದರಲ್ಲಿ ದೊಡ್ಡ ಪಾಲು ಖಾಸಗಿಯವರಿಂದ ಬರ್ಬೇಕು ಅನ್ನೋದು ಬೇರೆ ಮಾತು. 2025ರ ಜುಲೈನಲ್ಲಿ ಸಂಪುಟ ಖಾಸಗಿ ಕಂಪನಿಗಳ ಸಂಶೋಧನೆಗೆ ಅಂತ 1 ಲಕ್ಷ ಕೋಟಿಯ ಯೋಜನೆ ಒಪ್ತು. ಇನ್ನು ನಿಯಮ ಬದಲಾಯಿಸೋಕಾಗಲ್ಲ ಅನ್ನೋದೂ ಸುಳ್ಳು. ಸಂಶೋಧನಾ ಸಾಮಾನು ಖರೀದಿಗೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್ಲು, ಟೆಂಡರು ಅಂತ ವರ್ಷಗಟ್ಟಲೆ ಗೋಳಾಡಿದ್ವಿ, 2025ರ ಜೂನಲ್ಲಿ ಕೇಂದ್ರ ಅದನ್ನ ಸಡಿಲ ಮಾಡ್ತು, ಕೊಟೇಶನ್ ಇಲ್ದೆ ಖರೀದಿ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರ್ತು. ನಿಜವಾಗ್ಲೂ ಥ್ಯಾಂಕ್ಸ್, ಈಗ ಪೈಪೆಟ್ ಟಿಪ್ಪಿಗೆ ತಿಂಗಳುಗಟ್ಟಲೆ ಕಾಯೋದು ತಪ್ಪಿದೆ. ಸಾಮಾನಿನ ವಿಷಯದಲ್ಲಿ ಆಗಿದ್ದು ಮನುಷ್ಯರ ವಿಷಯದಲ್ಲಿ ಯಾಕಾಗಲ್ಲ ಅಂತಷ್ಟೇ ಕೇಳ್ತಿರೋದು.

ಮಾಡೋದು ಕಷ್ಟಾನೂ ಅಲ್ಲ. ಫೆಲೋಶಿಪ್ ಮಂಜೂರಾದ ಮೇಲೆ ತಿಂಗಳ ದುಡ್ಡನ್ನ ಆಯಾ ಸಂಸ್ಥೆನೇ ತನ್ನ ಸಿಬ್ಬಂದಿ ಸಂಬಳದ ಜೊತೇಲಿ ಕೊಟ್ಟುಬಿಡ್ಲಿ, ಇಲಾಖೆ ಆಮೇಲೆ ಸಂಸ್ಥೆಗೆ ತುಂಬಿಕೊಡ್ಲಿ, ಯುಸಿ ಜಗಳ ಅವರಿಬ್ಬರೂ ಆಡ್ಕೊಳ್ಳಲಿ, ನಮ್ಮನ್ನ ಮಧ್ಯ ನಿಲ್ಲಿಸ್ಬೇಡಿ. ಎರಡು ವರ್ಷ ಆದ ಮೇಲೆ ಒಂದು ಕಮಿಟಿ ಬಂದು ಕೆಲಸ ನೋಡ್ಲಿ, ಚೆನ್ನಾಗಿದ್ರೆ ಅದೇ ಫೈಲಲ್ಲಿ ಇನ್ನೆರಡು ವರ್ಷ ಕೊಡ್ಲಿ, ಚೆನ್ನಾಗಿಲ್ದೇ ಇದ್ರೆ ನಿಲ್ಲಿಸ್ಲಿ, ನಾವೇನೂ ಬೇಡ ಅನ್ನಲ್ಲ. ಮತ್ತೆ ಕೋಟಿಗಟ್ಟಲೆ ಮೆಷಿನ್ ಮಂಜೂರು ಮಾಡೋ ಪ್ರತಿ ಆರ್ಡರಲ್ಲೂ ಅದರ ಎಎಂಸಿ ಪಕ್ಕ ಇನ್ನೊಂದು ಸಾಲು ಬರ್ಲಿ, ಇದನ್ನ ನಡೆಸೋಕೆ ಪರ್ಮನೆಂಟ್ ವಿಜ್ಞಾನಿ ಹುದ್ದೆ ಇಷ್ಟು ಅಂತ.

ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಕೊಡ್ಬೇಕು ಅಂತ ಗೊತ್ತು, ಆದ್ದರಿಂದ ಮುಂದಿನ ಅಧಿವೇಶನಕ್ಕೆ ಅಂತಾನೇ ಇಟ್ಕೊಳ್ಳಿ. ಯಾವ ಪಕ್ಷದವರು ಕೇಳಿದ್ರೂ ನಂಗೆ ಒಂದೇ. ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಸಹಿ ಹಾಕಿದ್ರೆ ಇನ್ನೂ ಸಂತೋಷ. ಪ್ರಶ್ನೆ ಇದು:

ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರು ದಯವಿಟ್ಟು ತಿಳಿಸುವರೇ:
(ಎ) ಕಳೆದ ಮೂರು ವರ್ಷಗಳಲ್ಲಿ ಕೇಂದ್ರ ಸರ್ಕಾರದ ನೆರವಿನ ಪೋಸ್ಟ್‌ಡಾಕ್ಟೋರಲ್ ಫೆಲೋಗಳಲ್ಲಿ ಎಷ್ಟು ಜನರಿಗೆ ಫೆಲೋಶಿಪ್ ಹಣ ಮೂರು ತಿಂಗಳಿಗಿಂತ ಹೆಚ್ಚು ತಡವಾಗಿ ಸೇರಿದೆ, ಇಲಾಖೆವಾರು ವಿವರವೇನು;
(ಬಿ) ಇವರಲ್ಲಿ ಎಷ್ಟು ಜನ ಅವಧಿ ಮುಗಿಯುವ ಮುನ್ನವೇ ಬಿಟ್ಟು ಹೋಗಿದ್ದಾರೆ;
(ಸಿ) ಸರ್ಕಾರದ ಹಣದಲ್ಲಿ ಸ್ಥಾಪಿಸಿದ ಕ್ರಯೋ-ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೇಂದ್ರಗಳಲ್ಲಿ ಉಪಕರಣಗಳ ವಾರ್ಷಿಕ ನಿರ್ವಹಣೆಗೆ ಮಾಡುತ್ತಿರುವ ವೆಚ್ಚವೆಷ್ಟು, ಅದೇ ಕೇಂದ್ರಗಳಲ್ಲಿ ಮಂಜೂರಾದ ಕಾಯಂ ವೈಜ್ಞಾನಿಕ ಹುದ್ದೆಗಳೆಷ್ಟು ಮತ್ತು ಅವುಗಳಲ್ಲಿ ಖಾಲಿ ಇರುವುದೆಷ್ಟು;
(ಡಿ) ಫೆಲೋಶಿಪ್ ವಯೋಮಿತಿಯನ್ನು ಪಿಎಚ್‌ಡಿ ಪಡೆದ ದಿನದಿಂದ ಲೆಕ್ಕ ಹಾಕುವ ಪ್ರಸ್ತಾವ ಸರ್ಕಾರದ ಮುಂದಿದೆಯೇ, ಇಲ್ಲದಿದ್ದರೆ ಕಾರಣವೇನು?

ಉಪಪ್ರಶ್ನೆಗೆ ಅವಕಾಶ ಸಿಕ್ರೆ ಮಂಗನ ಕಾಯಿಲೆ ಬಗ್ಗೆ ಕೆಲಸ ಮಾಡ್ತಿರೋ ಪೋಸ್ಟ್‌ಡಾಕ್‌ಗಳು ದೇಶದಲ್ಲಿ ಎಷ್ಟು ಜನ ಇದಾರೆ ಅಂತ ಕೇಳಿ.

ಇಂತಿ,
ಒಬ್ಬ ಪೋಸ್ಟ್‌ಡಾಕ್, ಬೆಂಗಳೂರು